ಎಣಿಸದೆ ಬಿಟ್ಟ ಒಂದು ಪುಟದ ವರದಿಗಳು

ಇದು ಆಗುವ ಮಾತಲ್ಲ ಎಂದು ಹೇಳಿದವನು ನಮ್ಮ ದೊಡ್ಡಪ್ಪ. ಬಿ.ಎ. ಕೊನೆಯ ವರ್ಷದ ಇಂಗ್ಲಿಷಿನಲ್ಲಿ ಎರಡನೇ ಸಲ ಫೇಲಾಗಿ, ಹಿರಿಯೂರಿನಿಂದ ಬಂದ ಬಸ್ಸಿಳಿದು ನಾನು ಮನೆ ಕಡೆ ನಡೆದ ದಿನ, ಅವನು ರೊಪ್ಪದ ಬೇಲಿಗೆ ಜಾಲಿಮುಳ್ಳು ತುರುಕುತ್ತಾ ನಿಂತಿದ್ದ. ರೊಪ್ಪವೆಂದರೆ ಸಂಜೆ ಕುರಿ ಕೂಡುವ ಮುಳ್ಳುಬೇಲಿಯ ಆವರಣ. ನನ್ನ ನಡಿಗೆ ನೋಡಿಯೇ ಅವನಿಗೆ ಗೊತ್ತಾಯಿತು.

"ಹೋತಾ?"

"ಹೋತು."

"ಕುರಿಯೋರ ಮನೆಗೆ ಡಿಗ್ರಿ ಬರಲ್ಲ ಕಣವ್ವ. ಬಂದ್ರೂ ಈ ರೊಪ್ಪದ ಬಾಗ್ಲು ಸಣ್ಣದೈತೆ, ಒಳಾಕೆ ಹಿಡ್ಸಲ್ಲ."

ಸಿಟ್ಟಿನಿಂದ ಹೇಳಿದ್ದಲ್ಲ. ಇವತ್ತು ಮೋಡ ಇಲ್ಲ, ಮಳೆ ಬರಲ್ಲ ಎನ್ನುವ ಹಾಗೆ ಹೇಳಿದ. ಅಪ್ಪ ಅಣ್ಣನ ಮಾತಿಗೆ ಎದುರಾಡಿದವನಲ್ಲ. ಅವ್ವ ಮಾತ್ರ ಒಳಗಿನಿಂದ, "ಫೇಲಾಗಾಕಾದ್ರೂ ಕಾಲೇಜಿಗೆ ಹೋಗ್ಬೇಕಲ್ಲ, ನಿಮ್ಮ ವಂಶದಾಗೆ ಯಾರು ಹೋಗಿದ್ರು?" ಎಂದಳು.

ಮೂರನೇ ಸಲಕ್ಕೆ ಪಾಸಾದೆ. ಪದವಿ ಪತ್ರ ಅಂಚೆಯಲ್ಲಿ ಬಂತು. ದೊಡ್ಡಪ್ಪ ಲಕೋಟೆಯನ್ನು ಮೂಸಿ ನೋಡುವಷ್ಟು ಹತ್ತಿರ ಹಿಡಿದು ವಾಪಸು ಕೊಟ್ಟ. "ಮೂರ್ಸಲಕ್ಕೆ ಬಂದಿದ್ದು ಲೆಕ್ಕಕ್ಕಿಲ್ಲ" ಅಂದ.

ಲೆಕ್ಕದ ವಿಷಯದಲ್ಲಿ ನಮ್ಮ ಮನೆಯಲ್ಲಿ ಅವನ ಮಾತೇ ಕೊನೆ. ಸಂಜೆ ಕುರಿ ಒಳಗೆ ಬರುವಾಗ ಅವನು ಬಾಗಿಲ ಪಕ್ಕ ಕುಕ್ಕರಗಾಲಲ್ಲಿ ಕೂರುತ್ತಿದ್ದ. ಎರಡೆರಡು ಕುರಿ ದಾಟುತ್ತಿದ್ದ ಹಾಗೆ ಬೆನ್ನು ಸವರುತ್ತಿದ್ದ. ಇಪ್ಪತ್ತಾದರೆ ಎಡಗೈಯಿಂದ ಬಲಗೈಗೆ ಒಂದು ಹುಣಸೆ ಬೀಜ. ಬಾಯಲ್ಲಿ ಸಂಖ್ಯೆ ಹೇಳುತ್ತಿರಲಿಲ್ಲ, ನಡುವೆ ಯಾರಾದರೂ ಮಾತಾಡಿಸಿದರೂ ತಪ್ಪುತ್ತಿರಲಿಲ್ಲ. ಆ ಎಣಿಕೆಯಲ್ಲಿ ಮರಿಗಳು ಬರುತ್ತಿರಲಿಲ್ಲ. ಒಂದು ಸಲ ಉಣ್ಣೆ ಕತ್ತರಿಸುವವರೆಗೆ ಮರಿಯನ್ನು ಎಣಿಸುವ ಪದ್ಧತಿ ನಮ್ಮಲ್ಲಿಲ್ಲ. ಕತ್ತರಿ ಬಿದ್ದ ಮೇಲೆ ಅದು ಕುರಿ. ಅಲ್ಲಿಯ ತನಕ ತಾಯಿಯ ಜೊತೆಗಿರುವ ಏನೋ ಒಂದು. ಕುರಿ ಮೇಯಲು ಹೋದ ಮೇಲೆ ಗೂಡಿನಲ್ಲಿ ಉಳಿಯುವ ಮರಿಗಳನ್ನು ನೋಡಿಕೊಳ್ಳುವುದು ಹೆಣ್ಣುಮಕ್ಕಳ ಕೆಲಸ. ಹೈಸ್ಕೂಲು ಮುಗಿಯುವ ತನಕ ಅದು ನನ್ನ ಕೆಲಸವಾಗಿತ್ತು. ಎಷ್ಟು ಮರಿ ಸಾಕಿದೆ ಎಂದು ಈಗ ಯಾರಾದರೂ ಕೇಳಿದರೆ ನನಗೆ ಗೊತ್ತಿಲ್ಲ.

ಬಿ.ಎ. ಆದ ಮೇಲೆ ಗ್ರಂಥಾಲಯ ವಿಜ್ಞಾನದ ಒಂದು ವರ್ಷದ ಓದು ಮುಗಿಸಿ, ವೈದ್ಯಕೀಯ ಕಾಲೇಜೊಂದರ ಗ್ರಂಥಾಲಯದಲ್ಲಿ ಸಹಾಯಕಿಯಾಗಿ ಸೇರಿದೆ. ತಾತ್ಕಾಲಿಕ ಹುದ್ದೆ. ಕಾಲೇಜಿದ್ದ ದುರ್ಗದಲ್ಲೇ ಕೋಣೆ ಮಾಡಿಕೊಂಡು ಭಾನುವಾರ ಊರಿಗೆ ಹೋಗಿ ಬರುತ್ತಿದ್ದೆ. ಕಂಪ್ಯೂಟರ್ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿದ್ದ ಕಾಲ ಅದು. ನಮ್ಮಂಥವರಿಗೆ ಬಿಟ್ಟು ಹೋಗಲೂ ಅವಕಾಶವಿರಲಿಲ್ಲ. ಹುದ್ದೆ ಖಾಯಂ ಆಗಬೇಕಾದರೆ ಸ್ನಾತಕೋತ್ತರ ಪದವಿ ಬೇಕು ಎಂದರು. ದೂರಶಿಕ್ಷಣದಲ್ಲಿ ಸೇರಿಕೊಂಡೆ. ಪರೀಕ್ಷೆಗಳನ್ನು ಹೇಗೋ ಮುಗಿಸಿದೆ. ಉಳಿದದ್ದು ಒಂದು ಪ್ರಬಂಧ. ಮಾರ್ಚ್ ಕೊನೆಗೆ ಒಪ್ಪಿಸದಿದ್ದರೆ ನೋಂದಣಿ ರದ್ದು, ಮತ್ತೆ ಮೊದಲಿನಿಂದ. ಖಾಯಂ ಮಾಡುವವರು ಅಲ್ಲಿಯ ತನಕ ಕಾಯುವುದಿಲ್ಲ ಎಂದು ನಮ್ಮ ಮುಖ್ಯ ಗ್ರಂಥಪಾಲಕರು ಮೊದಲೇ ಹೇಳಿದ್ದರು.

ಮಾರ್ಗದರ್ಶಕರು ಕೊಟ್ಟ ವಿಷಯ, ಚರ್ಮರೋಗ ಸಂಶೋಧನೆಯಲ್ಲಿ ಪ್ರಕಟಣೆ ಮತ್ತು ಉಲ್ಲೇಖಗಳ ರೀತಿ. ಯಾಕೆ ಚರ್ಮರೋಗ ಎಂದು ಕೇಳಿದ್ದಕ್ಕೆ, "ನಿಮ್ಮ ಲೈಬ್ರರಿಯಲ್ಲಿ ಮಧ್ಯೆ ಒಂದು ಸಂಚಿಕೆಯೂ ಕಳೆಯದೆ ಇರೋ ಪತ್ರಿಕೆ ಅದೊಂದೇ. ಹೃದಯದ್ದು ಹುಡುಗರು ಹರ್ಕೊಂಡು ಹೋಗಿದ್ದಾರೆ" ಎಂದರು. ಅಷ್ಟೇ ಕಾರಣ.

ಕೆಲಸ ಇಂಥದ್ದು. ಪತ್ರಿಕೆಯ ಪ್ರತಿ ಲೇಖನಕ್ಕೂ ಒಂದು ಕಾರ್ಡು. ಎಷ್ಟು ಜನ ಸೇರಿ ಬರೆದರು, ಯಾವ ಊರಿನವರು, ಯಾವ ರೋಗದ ಮೇಲೆ. ಅದರ ಕೆಳಗೆ ಆ ಲೇಖನದ ಕೊನೆಯಲ್ಲಿರುವ ಉಲ್ಲೇಖಗಳ ಪಟ್ಟಿ. ಅಂದರೆ ಬರೆದವರು ಮೊದಲು ಯಾರ ಯಾರ ಲೇಖನ ಓದಿ ಆಧಾರ ತೆಗೆದುಕೊಂಡರು ಎಂಬುದು. ಎಲ್ಲ ಕಾರ್ಡು ಜೋಡಿಸಿ ಎಣಿಸಿದರೆ ಯಾರು ಯಾರನ್ನು ಓದುತ್ತಾರೆ, ಯಾರನ್ನು ಯಾರೂ ಓದುವುದಿಲ್ಲ ಎಂಬುದು ಕಾಣುತ್ತದೆ. ಹೊಸ ಕಾರ್ಡು ಸಿಗಲಿಲ್ಲ. ರದ್ದಾದ ಕ್ಯಾಟಲಾಗ್ ಕಾರ್ಡುಗಳ ಖಾಲಿ ಹಿಂಬದಿಗಳನ್ನು ಬಳಸಿ ಚಪ್ಪಲಿ ಪೆಟ್ಟಿಗೆಗಳಲ್ಲಿ ಇಟ್ಟುಕೊಂಡೆ. ಊಟದ ಬಿಡುವಿನಲ್ಲಿ, ಕೆಲಸ ಮುಗಿದ ಮೇಲೆ ಒಂದು ಗಂಟೆ, ಹೀಗೆ ಒಂದೂವರೆ ವರ್ಷ. ಎಣಿಸುವಾಗ ಇಪ್ಪತ್ತಕ್ಕೊಂದು ಹುಣಸೆ ಬೀಜ ಸರಿಸುತ್ತಿದ್ದೆ. ಜೊತೆಯವರು ನಗುತ್ತಿದ್ದರು. ಲೆಕ್ಕ ತಪ್ಪಿದ್ದನ್ನು ತೋರಿಸಿಕೊಡಲು ಮಾತ್ರ ಅವರಿಗೆ ಒಮ್ಮೆಯೂ ಆಗಲಿಲ್ಲ.

ಅದೇ ಸಮಯಕ್ಕೆ ದೊಡ್ಡಪ್ಪನ ಚರ್ಮ ಕೆಟ್ಟಿತು. ಕುರಿ ಮೇಯುವ ಬಯಲಿಗೆಲ್ಲ ಪಾರ್ಥೇನಿಯಂ ಹಬ್ಬಿತ್ತು. ನಮ್ಮ ಕಡೆ ಕಾಂಗ್ರೆಸ್ ಗಿಡ ಎನ್ನುತ್ತಾರೆ. ಮೊದಲು ರೆಪ್ಪೆ ಊದಿತು, ಆಮೇಲೆ ಮುಖ, ಕುತ್ತಿಗೆ, ಮುಂಗೈ ಕಪ್ಪಾಗಿ ದಪ್ಪವಾಗಿ ಬಿರಿಯಿತು. ಜನ ಏನೇನೋ ಅಂದುಕೊಂಡರು. ಹೊಳಲ್ಕೆರೆ ಕಡೆ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ಮಂದೆ ಬಿಡಲು ಹೋದಾಗ, ಪ್ರತಿ ವರ್ಷ ಊಟ ಕೊಡುತ್ತಿದ್ದ ಮನೆಯವರು ಆ ವರ್ಷ ಅವನಿಗೆ ಬೇರೆ ತಟ್ಟೆ ಇಟ್ಟರಂತೆ. ಅದನ್ನು ಅವನು ಹೇಳಲಿಲ್ಲ, ಅಪ್ಪ ಹೇಳಿದ. ನಾನು ಅವನನ್ನು ನಮ್ಮ ಕಾಲೇಜಿನ ಆಸ್ಪತ್ರೆಗೆ ಕರೆತಂದೆ.

ಚರ್ಮದ ವಿಭಾಗದ ಡಾಕ್ಟರಮ್ಮ ಅವನ ಕುತ್ತಿಗೆ ಮುಟ್ಟಿ ನೋಡಿ, "ಇದು ಅಂಟು ರೋಗ ಅಲ್ಲ ಯಜಮಾನ್ರೇ, ಗಿಡದ್ದು. ಆ ಗಿಡ ಇರೋ ಕಡೆ ಹೋಗಬೇಡಿ" ಎಂದರು.

"ಕುರಿಗೆ ಹೇಳ್ತೀನಿ ತಾಯಿ" ಅಂದ ದೊಡ್ಡಪ್ಪ.

ಅವರು ನಕ್ಕು ಮುಲಾಮು, ಮಾತ್ರೆ ಬರೆದುಕೊಟ್ಟರು. ಪ್ರತಿ ಗುರುವಾರ ಬಂದು ತೋರಿಸಬೇಕೆಂದರು.

ಆ ಡಾಕ್ಟರಮ್ಮ ಗುರುವಾರ ಮಧ್ಯಾಹ್ನ ಗ್ರಂಥಾಲಯಕ್ಕೆ ಹೊಸ ಸಂಚಿಕೆ ನೋಡಲು ಬರುತ್ತಿದ್ದರು. ಸಂಕ್ರಾಂತಿ ಕಳೆದ ಮೇಲಿನ ಒಂದು ಗುರುವಾರ, ಕೋಷ್ಟಕಗಳೆಲ್ಲ ಸಿದ್ಧವಾಗಿದ್ದವು. ಟೈಪಿಗೆ ಕೊಡುವುದೊಂದೇ ಬಾಕಿ. ನಾನು ಹೆಮ್ಮೆಯಿಂದ ಅವರ ಮುಂದೆ ಇಟ್ಟೆ. ಲೇಖನಗಳು ಯಾವ ಊರುಗಳಿಂದ ಬಂದವು ಎಂಬ ಕೋಷ್ಟಕವನ್ನು ಅವರು ಬೆರಳಿಟ್ಟು ಮೇಲಿಂದ ಕೆಳಗೆ ನೋಡಿದರು. ದೊಡ್ಡ ಊರುಗಳೇ ತುಂಬಿದ್ದವು.

"ಹೊಸದುರ್ಗ ಇಲ್ಲವಲ್ಲ" ಎಂದರು.

"ಹೊಸದುರ್ಗದಿಂದ ಯಾರು ಬರೀತಾರೆ ಮೇಡಂ?"

ಅವರು ಎದ್ದು ಕಪಾಟಿಗೆ ಹೋಗಿ, ಹುಡುಕದೆಯೇ ಒಂದು ಹಳೆಯ ಸಂಪುಟ ತೆಗೆದು ತಂದು ನನ್ನ ಮುಂದೆ ತೆರೆದರು. ಒಂದೇ ಪುಟದ ವರದಿ. ಒಬ್ಬ ರೋಗಿ, ಅವನಿಗೆ ಏನಾಗಿತ್ತು, ಏನು ಮಾಡಿದರು, ಅಷ್ಟೇ. ಮಧ್ಯದಲ್ಲಿ ಒಂದು ಫೋಟೊ, ಗುರುತು ಸಿಗಬಾರದೆಂದು ಕಣ್ಣಿಗೆ ಕಪ್ಪು ಪಟ್ಟಿ. ಮೇಲೆ ಅವರ ಹೆಸರು. ಕೆಳಗೆ ಸಣ್ಣ ಅಕ್ಷರದಲ್ಲಿ ತಾಲ್ಲೂಕು ಆಸ್ಪತ್ರೆಯ ವಿಳಾಸ, ಹೊಸದುರ್ಗ.

"ಮೊದಲ ಪೋಸ್ಟಿಂಗ್ ಅಲ್ಲೇ ಆಗಿತ್ತು" ಎಂದರು. "ಇದು ಯಾಕೆ ಬಿಟ್ಟುಹೋಯ್ತು?"

"ಒಂದೇ ಪುಟ ಅಲ್ವಾ ಮೇಡಂ."

"ಹೌದು. ಓ.ಪಿ.ಡಿ. ಮುಗಿಸಿ ಕೂತರೆ ಒಂದು ಪುಟದಷ್ಟೇ ಹೊತ್ತು ಸಿಗ್ತಿತ್ತು."

ಅವರಿಗೆ ಬೇಸರವಾದಂತೆ ಕಾಣಲಿಲ್ಲ. ಹೊಸ ಸಂಚಿಕೆ ನೋಡಿ, ಸಹಿ ಹಾಕಿ ಹೋದರು. ನಾನು ಸಂಪುಟ ಮುಚ್ಚದೆ ಕೂತೆ. ಬಿಟ್ಟುಹೋದದ್ದು ಅವರದೊಂದೇ ಅಲ್ಲ. ಒಂದು ಪುಟದ್ದು, ಒಂದೂವರೆ ಪುಟದ್ದು, ಸಂಪಾದಕರಿಗೆ ಬರೆದ ಪತ್ರ, ಯಾವುದಕ್ಕೂ ನಾನು ಕಾರ್ಡು ಮಾಡಿರಲಿಲ್ಲ. ಬೇಕೆಂದು ಬಿಟ್ಟದ್ದೂ ಅಲ್ಲ. ಮೊದಲ ವಾರದಲ್ಲೇ ಕೈ ಅವನ್ನು ದಾಟಿಸಿಬಿಟ್ಟಿತ್ತು, ಒಂದೂವರೆ ವರ್ಷ ಹಾಗೆಯೇ ದಾಟಿಸುತ್ತಾ ಬಂದಿತ್ತು. ಬೇರೆ ಮನೆಯಿಂದ ಬಂದವರಾದರೆ ಅವನ್ನೂ ಎಣಿಸುತ್ತಿದ್ದರು ಅಥವಾ ಯಾಕೆ ಎಣಿಸಲಿಲ್ಲ ಎಂದು ಒಂದು ಸಾಲು ಬರೆದಿಡುತ್ತಿದ್ದರು. ನನಗೆ ಅದು ಕೇಳಬೇಕಾದ ಪ್ರಶ್ನೆ ಎಂದೇ ತೋಚಿರಲಿಲ್ಲ.

ಮಾರ್ಗದರ್ಶಕರ ಹತ್ತಿರ ಹೋಗಿ ಇದ್ದದ್ದನ್ನು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

"ಮಾರ್ಚಿಗೆ ಒಪ್ಪಿಸಬೇಕು ತಾನೆ? ಶೀರ್ಷಿಕೆಯಲ್ಲಿ ಪೂರ್ಣ ಲೇಖನಗಳು ಅಂತ ಒಂದು ಮಾತು ಸೇರಿಸು. ಮುಗೀತು. ಯಾರೂ ಏನೂ ಕೇಳಲ್ಲ."

"ಎಲ್ಲ ಎಣಿಸಿದರೆ ಕೋಷ್ಟಕ ಬದಲಾಗುತ್ತೆ ಸರ್."

"ಬದಲಾಗುತ್ತೆ. ನಿನ್ನ ಹುದ್ದೆಯೂ ಬದಲಾಗಬಹುದು. ಯೋಚನೆ ಮಾಡು."

ಅವರು ಹೇಳಿದ್ದು ತಪ್ಪಲ್ಲ. ಹಾಗೆ ಮಾಡಿದ್ದರೆ ಅದು ಸುಳ್ಳೂ ಆಗುತ್ತಿರಲಿಲ್ಲ. ಬಸ್ಸಿನಲ್ಲಿ ಊರಿಗೆ ಹೋಗುವಾಗ ಹಾಗೇ ಮಾಡುವುದೆಂದು ಮುಕ್ಕಾಲು ಪಾಲು ತೀರ್ಮಾನಿಸಿದ್ದೆ.

ಭಾನುವಾರ ಸಂಜೆ ದೊಡ್ಡಪ್ಪ ಎಣಿಸಿ ಮುಗಿಸಿದ. ಹುಣಸೆ ಬೀಜಗಳನ್ನು ಸೊಂಟದ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಾಗ ಕೇಳಿದೆ.

"ಮರೀನ ಯಾಕೆ ಎಣಿಸಲ್ಲ ದೊಡ್ಡಪ್ಪ?"

"ದೃಷ್ಟಿ ಆಗ್ತೈತೆ ಅಂತಾರೆ."

"ನಿಜವಾಗ್ಲೂ?"

ಅವನು ಬೇಲಿಯ ಬಾಗಿಲು ಎಳೆದ. "ನಿಜ ಅಂದ್ರೆ, ಯಾವ್ದು ಉಳಿತೈತೆ ಯಾವ್ದು ಹೋಗ್ತೈತೆ ಯಾರಿಗ್ ಗೊತ್ತು? ಎಣಿಸಿದ್ಮ್ಯಾಲೆ ಹೋದ್ರೆ ಲೆಕ್ಕ ಕೆಡ್ತೈತೆ. ಅದುಕ್ಕೇ."

"ಎಣಿಸದೇ ಇದ್ರೆ, ತೋಳ ಒಂದು ಮರಿ ಒಯ್ತು ಅಂತ ಹೆಂಗ್ ಗೊತ್ತಾಗ್ತೈತೆ?"

"ತಾಯಿ ಅರಚ್ತೈತಲ್ಲ."

ಇಷ್ಟು ದಿನ ಓದಿ ಇದನ್ನು ಕೇಳುತ್ತಾಳಲ್ಲ ಎಂಬಂತೆ ನನ್ನನ್ನು ನೋಡಿದ. ನಾನು ಗೂಡಿನ ಕಡೆ ನೋಡಿದೆ. ನನ್ನ ಚಪ್ಪಲಿ ಪೆಟ್ಟಿಗೆಗಳಲ್ಲಿ ಅರಚುವುದು ಯಾವುದೂ ಇರಲಿಲ್ಲ. ಒಬ್ಬ ಡಾಕ್ಟರಮ್ಮ ಒಂದು ಗುರುವಾರ ಬೆರಳಿಟ್ಟು ಕೇಳದಿದ್ದರೆ ಹೊಸದುರ್ಗದಿಂದ ಯಾರೂ ಬರೆಯುವುದಿಲ್ಲ ಎಂಬ ನನ್ನ ಮಾತೇ ಕೋಷ್ಟಕವಾಗಿ ಟೈಪಾಗುತ್ತಿತ್ತು. ಸೋಮವಾರ ಬೆಳಿಗ್ಗೆ ಮೊದಲ ಸಂಪುಟ ಮತ್ತೆ ಕೆಳಗಿಳಿಸಿದೆ.

ಉಳಿದದ್ದು ಒಂಬತ್ತು ವಾರ, ಅದರಲ್ಲಿ ಎರಡು ವಾರ ಟೈಪಿಗೆ. ಇಡೀ ಸಾಲು ಸಂಪುಟಗಳನ್ನು ಪುಟಪುಟವಾಗಿ ತಿರುವಬೇಕಿತ್ತು, ಯಾಕೆಂದರೆ ಸಣ್ಣ ವರದಿಗಳನ್ನು ಕೆಲವು ವರ್ಷಗಳ ಪರಿವಿಡಿಯಲ್ಲೂ ಸರಿಯಾಗಿ ಸೇರಿಸಿರಲಿಲ್ಲ. ಆ ಕೆಲಸ ಹಿಡಿದ ಎರಡನೇ ಗುರುವಾರ ದೊಡ್ಡಪ್ಪ ಆಸ್ಪತ್ರೆ ಮುಗಿಸಿ, ಮಧ್ಯಾಹ್ನದ ಬಸ್ಸಿಗೆ ಹೊತ್ತಿದೆ ಎಂದು ಗ್ರಂಥಾಲಯಕ್ಕೆ ಬಂದ. ಕೋಲು, ಕಂಬಳಿ ಬಾಗಿಲಲ್ಲಿ ಇಡಿಸಿದರು. ನನ್ನ ಮೇಜಿನ ಎದುರು ಕೂತು ಸುತ್ತ ನೋಡಿದ.

"ಏನ್ ಹುಡುಕ್ತೀಯವ್ವ?"

ಡಾಕ್ಟರಮ್ಮನ ಪುಟ ತೋರಿಸಿದೆ. "ಇಂಥವು. ಹೆಚ್ಚಿನವಕ್ಕೆ ಒಂದು ಫೋಟೊ ಇರ್ತೈತೆ, ಕಣ್ಣಿಗೆ ಕಪ್ಪು ಪಟ್ಟಿ."

"ಅಷ್ಟೇನಾ? ಇತ್ತ ಕೊಡು ಒಂದು."

ಓದಲು ಬಾರದ ದೊಡ್ಡಪ್ಪ ಸಂಪುಟ ತೊಡೆಯ ಮೇಲಿಟ್ಟುಕೊಂಡು ಹಾಳೆ ತಿರುವತೊಡಗಿದ. ಫೋಟೊ ಕಂಡಲ್ಲೆಲ್ಲ ನಾನು ಹರಿದುಕೊಟ್ಟ ಪೇಪರ್ ಚೂರು ಇಡುತ್ತಾ ಹೋದ. ಮುಲಾಮು ಕೈಗೆ ಅಂಟಿದೆಯೆಂದು ಟವೆಲಿನ ತುದಿಯಿಂದ ಹಾಳೆ ಹಿಡಿಯುತ್ತಿದ್ದ. ಒಂದು ಜಾಹೀರಾತಿನ ಹತ್ತಿರ ನಿಂತ. ಮುಖಕ್ಕೆ ಹಚ್ಚುವ ಕ್ರೀಮಿನದು.

"ಇವ್ಳಿಗೆ ಪಟ್ಟೀನೂ ಇಲ್ಲ, ರೋಗಾನೂ ಇಲ್ಲ. ಇಲ್ಲಿಗ್ಯಾಕ್ ಬಂದಾಳೆ?"

"ಬಿಡು ಅವಳನ್ನ."

"ಬಿಟ್ಟೆ."

ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಪುಟ ನನ್ನ ಕಡೆ ತಿರುಗಿಸಿದ. "ಇವ್ನು ನಮ್ಮೋನು."

"ಹೆಂಗೆ ಹೇಳ್ತೀಯ?"

"ಕೊರಳು ನೋಡು. ಟಗರಿನ ಕೊರಳು ಮಡಿಚ್ಕಂಡಂಗೆ ದಪ್ಪ ಆಗೈತೆ. ಗಿಡದಾಗೆ ತಿರುಗಿದೋನೇ."

ಓದಿ ನೋಡಿದೆ. ಪಾರ್ಥೇನಿಯಂ. ರೋಗಿ ಯಾವುದೋ ದೂರದ ಜಿಲ್ಲೆಯ ರೈತ. ಹಾಗೆಂದು ಹೇಳಿದೆ. ಅವನು ಆ ಫೋಟೊವನ್ನು ಬಹಳ ಹೊತ್ತು ನೋಡಿ, "ಇವ್ನಿಗೂ ಬ್ಯಾರೆ ತಟ್ಟೆ ಇಟ್ಟಿರ್ತಾರೆ" ಅಂದು, ಚೂರು ಇಟ್ಟು, ಮುಂದಿನ ಹಾಳೆ ತಿರುವಿದ.

ನಮ್ಮ ಮುಖ್ಯ ಗ್ರಂಥಪಾಲಕರು ದಾಟಿ ಹೋಗುವಾಗ ನಿಂತರು. "ಓದೋಕೆ ಬರದೋರನ್ನ ಇಲ್ಲಿ ಯಾಕಮ್ಮ ಕೂರಿಸ್ಕೊಂಡಿದ್ದೀಯ?"

ನಾನು ಬಾಯಿ ತೆರೆಯುವ ಮೊದಲೇ ದೊಡ್ಡಪ್ಪ ಹೇಳಿದ. "ಓದೋಕೆ ಬರೋಳು ಬಿಟ್ಟಿದ್ದನ್ನ ಹುಡುಕ್ತಾ ಇದೀನಿ ಸಾ. ನೀವೂ ಕುಂತ್ಕಳ್ರಿ, ಬೇಗ ಆಗ್ತೈತೆ."

ಅವರು ಕೂರಲಿಲ್ಲ. ಆದರೆ ಆಮೇಲೆ ಯಾವ ಗುರುವಾರವೂ ಕೇಳಲಿಲ್ಲ. ಕೋಲು ಇಡುವ ಜಾಗಕ್ಕೆ ಒಂದು ಮೊಳೆ ಹೊಡೆಸಿದರು. ನಾಲ್ಕೈದು ಗುರುವಾರ ಹೀಗೆ ನಡೆಯಿತು. ಫೋಟೊ ಇಲ್ಲದ ವರದಿಗಳನ್ನು ನಾನು ಹುಡುಕುತ್ತಿದ್ದೆ, ಇದ್ದವನ್ನು ಅವನು. ಇದು ಯಾತಕ್ಕೆ, ಡಿಗ್ರಿಗೋ ನೌಕರಿಗೋ ಎಂದು ಅವನು ಒಮ್ಮೆಯೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಬಸ್ಸಿನ ಹೊತ್ತಾದರೆ ಎದ್ದು, "ಹೋಗಾಣ" ಎಂದು ತನಗೆ ತಾನೇ ಹೇಳಿಕೊಂಡು ಹೊರಡುತ್ತಿದ್ದ.

ಹೊಸ ಕಾರ್ಡುಗಳನ್ನು ಸೇರಿಸಿದಾಗ ಊರುಗಳ ಕೋಷ್ಟಕ ಎರಡನೇ ಹಾಳೆಗೆ ಹೋಯಿತು. ಹೆಸರು ಕೇಳದ ತಾಲ್ಲೂಕುಗಳು, ಒಂದೊಂದು ವರದಿ ಬರೆದು ಸುಮ್ಮನಾದ ಜಿಲ್ಲಾ ಆಸ್ಪತ್ರೆಗಳು. ಬರೆದವರು ಬಹುಪಾಲು ಒಬ್ಬೊಬ್ಬರೇ. ದೊಡ್ಡ ಊರಿನ ಲೇಖನಗಳಂತೆ ನಾಲ್ಕೈದು ಹೆಸರಿಲ್ಲ. ಉಲ್ಲೇಖದ ಕಡೆಯಿಂದ ನೋಡಿದರೆ ಬೇರೆ ಚಿತ್ರ. ಈ ಸಣ್ಣ ಊರಿನವರು ಹೊರದೇಶದವರ ಲೇಖನಗಳನ್ನು ತಪ್ಪದೆ ಉಲ್ಲೇಖಿಸಿದ್ದರು. ಇವರನ್ನು ದೊಡ್ಡ ಊರಿನವರೂ ಉಲ್ಲೇಖಿಸಿರಲಿಲ್ಲ. ನಾನು ಸಣ್ಣ ವರದಿಗಳನ್ನು ದಾಟಿಸಿದ ಹಾಗೆಯೇ ದೊಡ್ಡ ಊರಿನವರೂ ದಾಟಿಸಿದ್ದರು. ನನ್ನ ಪೆಟ್ಟಿಗೆಯ ಮಟ್ಟಿಗೆ ಪಾರ್ಥೇನಿಯಂ ಒಂದರಲ್ಲೇ ಸ್ವಲ್ಪ ವ್ಯತ್ಯಾಸ ಕಂಡಿತು. ಅಲ್ಲಿ ದೊಡ್ಡವರ ಪಟ್ಟಿಯಲ್ಲಿ ಒಂದು ಪುಟದವರೂ ಅಲ್ಲಲ್ಲಿ ಸಿಕ್ಕರು, ಡಾಕ್ಟರಮ್ಮ ಹೊಸದುರ್ಗದಿಂದ ಬರೆದ ಪುಟವೂ ಒಂದು ಕಡೆ ಸಿಕ್ಕಿತು. ಅವರಿಗೆ ತೋರಿಸಿದೆ. "ಓಹೋ, ಯಾರೋ ಓದಿದಾರೆ" ಎಂದರು. ಆ ಪುಟದ ನಕಲು ಮಾಡಿಸಿಕೊಂಡು ಹೋದರು.

ಗಡುವಿನ ಹಿಂದಿನ ದಿನ ಪ್ರಬಂಧ ಒಪ್ಪಿಸಿದೆ. ನಾನು ಮೊದಲು ಏನು ಬಿಟ್ಟಿದ್ದೆ, ಯಾಕೆ ಬಿಟ್ಟಿದ್ದೆ ಎಂದು ಅರ್ಧ ಪುಟ ಬರೆದು ಸೇರಿಸಿದ್ದೆ. ಮಾರ್ಗದರ್ಶಕರು ಅದನ್ನು ಹೊಡೆದುಹಾಕುವರೆಂದುಕೊಂಡಿದ್ದೆ. ಒಂದು ಅಲ್ಪವಿರಾಮ ಮಾತ್ರ ತೆಗೆದರು. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದವರು ಹಾಳೆ ತಿರುವುತ್ತಾ ಕೇಳಿದರು.

"ಯಾರೂ ಉಲ್ಲೇಖಿಸದ ವರದಿಗಳನ್ನು ಎಣಿಸೋದರಿಂದ ಏನು ಪ್ರಯೋಜನ?"

"ಯಾರೂ ಉಲ್ಲೇಖಿಸಿಲ್ಲ ಅನ್ನೋದು ಎಣಿಸಿದ ಮೇಲೆ ಗೊತ್ತಾಗಿದ್ದು ಸರ್."

ಅವರು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಅದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಎಂದು ಫಲಿತಾಂಶ ಬರುವ ತನಕ ತಿಳಿಯಲಿಲ್ಲ. ಪ್ರಥಮ ದರ್ಜೆ ಬಂತು, ಮೊದಲ ಸಲಕ್ಕೇ. ಖಾಯಂ ಆದೇಶ ಬರಲು ಇನ್ನೂ ಎಂಟು ತಿಂಗಳಾಯಿತು. ಆದರೆ ಬಂತು.

ಪದವಿ ಪತ್ರವನ್ನು ಅಂಚೆಗೆ ಹಾಕಿಸಲಿಲ್ಲ. ನಾನೇ ಹೋಗಿ, ಕಿಟಕಿಯಲ್ಲಿ ರಿಜಿಸ್ಟರಿಗೆ ಸಹಿ ಮಾಡಿ ಇಸಿದುಕೊಂಡು, ಮಡಿಚದಂತೆ ರಟ್ಟಿನ ನಡುವೆ ಇಟ್ಟು ತಂದೆ. ಊರಿಗೆ ಬಂದಾಗ ಕುರಿ ಒಳಗೆ ಬರುವ ಹೊತ್ತು. ದೊಡ್ಡಪ್ಪ ಬಾಗಿಲ ಪಕ್ಕ ಕುಕ್ಕರಗಾಲಲ್ಲಿ ಕೂತು ಎಣಿಸುತ್ತಿದ್ದ. ಕುತ್ತಿಗೆಯ ಕಪ್ಪು ಪೂರ್ತಿ ಹೋಗಿರಲಿಲ್ಲ. ತುಂಬುತೋಳಿನ ಅಂಗಿ, ತಲೆಗೆ ಕಿವಿ ಮುಚ್ಚುವ ಟವೆಲು ಹಾಗೇ ಇದ್ದವು. ಕೊನೆಯ ಕುರಿ ದಾಟುವ ತನಕ ನಾನು ನಿಂತಿದ್ದೆ. ಅಪ್ಪ, ಅವ್ವ ಹೊರಗೆ ಬಂದರು.

ಪತ್ರ ತೆಗೆದು ದೊಡ್ಡಪ್ಪನ ಕಡೆ ಚಾಚಿದೆ. ಅವನು ಕೈಯೊಡ್ಡುವ ಮೊದಲು ಟವೆಲು ಬಿಚ್ಚಿ, ಗ್ರಂಥಾಲಯದಲ್ಲಿ ಮಾಡುತ್ತಿದ್ದ ಹಾಗೆ ಅದರ ತುದಿಯಿಂದ ಅಂಚು ಹಿಡಿದುಕೊಂಡ. ಮುಂದೆ ನೋಡಿದ, ತಿರುಗಿಸಿ ಹಿಂದೆ ನೋಡಿದ.

"ಫೋಟೊ ಇಲ್ಲ" ಅಂದ.

"ಇದರಾಗೆ ಇರಲ್ಲ ದೊಡ್ಡಪ್ಪ."

"ಎಷ್ಟನೇ ಸಲಕ್ಕೆ?"

"ಒಂದೇ ಸಲಕ್ಕೆ."

ಅವನು ಸೊಂಟದ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ ಹುಣಸೆ ಬೀಜಗಳಲ್ಲಿ ಒಂದನ್ನು ಹೊರಗೇ ಉಳಿಸಿಕೊಂಡು ನನ್ನ ಕೈಗೆ ಇಟ್ಟ.

"ಹಂಗಾರೆ ಉಣ್ಣೆ ಕತ್ತರಿಸಿದಂಗೇ ಆತು ಬಿಡು" ಅಂದ. "ಹಳೇ ಡಿಗ್ರೀನೂ ಇದನ್ನೂ ಸೇರ್ಸಿ ಎಣಿಸ್ಕಳಾಣ."